ಒಂಬತ್ತನೆಯ ಜೀಪು

ಅಣ್ಣನಿಗೆ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಗ್ಯಾರೇಜಿದೆ. ನಾನು ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಭಾನುವಾರ ಬಸ್ಸು ಹತ್ತಿ ಅವನಲ್ಲಿಗೆ ಹೋದರೆ ಸಂಜೆ ಇಬ್ಬರೂ ಫೋನಿನಲ್ಲಿ ಫಾರ್ಮುಲಾ ಒನ್ ಕಾರ್ ರೇಸು ನೋಡುತ್ತಿದ್ದೆವು. ಆಗ ಅಮೆರಿಕದ ಹೊಸ ತಂಡವೊಂದು ಒಳಗೆ ಬರಲು ಹವಣಿಸುತ್ತಿತ್ತು. ಇದ್ದ ಹತ್ತು ತಂಡಗಳಲ್ಲಿ ಹೆಚ್ಚಿನವು ಬೇಡ ಅಂದವು. ಹಂಚುವ ಹಣ ಹನ್ನೊಂದು ಪಾಲಾಗುತ್ತದಲ್ಲ, ಅದೇ ಅವುಗಳ ಸಂಕಟ.

"ಗಾಡಿ ಓಡ್ಸಕ್ಕೆ ಬತ್ತದಾ ಅಂತ ಒಬ್ನೂ ಕೇಳ್ನಿಲ್ವಲ್ಲಮ್ಮಿ," ಎಂದು ಅಣ್ಣ ಕುದಿದ.

ಕುದಿಯಲು ಕಾರಣವಿತ್ತು. ಊರಾಚೆಯ ಬೀಳು ಜಮೀನಿನಲ್ಲಿ ವರ್ಷಕ್ಕೊಮ್ಮೆ ಜೀಪಿನ ರೇಸು ನಡೆಯುತ್ತದೆ. ಎಂಟು ತಂಡ, ಆ ಎಂಟು ತಂಡದವರದೇ ಸಮಿತಿ. ಗುಜರಿಗೆ ಬಿದ್ದಿದ್ದ ಜೀಪೊಂದನ್ನು ತಂದು ಅಣ್ಣ ಒಂದೂವರೆ ವರ್ಷ ಅದರ ಕೆಳಗೇ ಮಲಗಿದ್ದ. ಅರ್ಜಿ ಬರೆದುಕೊಟ್ಟವಳು ನಾನು. ಸಮಿತಿ ಕರೆದಾಗ ಜೊತೆಗೂ ಹೋದೆ.

ಅಧ್ಯಕ್ಷರು ಅಕ್ಕಿ ಗಿರಣಿಯವರು, ಮೃದು ಮಾತಿನವರು. "ಗಾಡಿ ಚೆನ್ನಾಗದೆ ಕಣಪ್ಪ. ಆದ್ರೆ ಜಾಹೀರಾತಿಂದ ಬರೋ ದುಡ್ಡು ಎಂಟು ಜನಕ್ಕೇ ಸಾಲ್ದು. ಅದಿರ್ಲಿ, ನೀನು ಯಾರ ಕಡೆಯವ್ನು?"

"ಯಾರ ಕಡೆಯವ್ನೂ ಅಲ್ಲ."

ಅವರು ಅರ್ಜಿ ಮಡಚಿ ಪಕ್ಕಕ್ಕಿಟ್ಟರು.

ವಾರದ ಮೇಲೆ ಪಕ್ಷವೊಂದರ ಮುಖಂಡರು ಕಾರಿನ ಬ್ರೇಕು ತೋರಿಸಲು ಗ್ಯಾರೇಜಿಗೆ ಬಂದರು. ಜೀಪಿನ ಸುತ್ತ ಎರಡು ಸುತ್ತು ಹಾಕಿ, "ಬಾನೆಟ್ ಮೇಲೆ ನನ್ನ ಫೋಟೋ ಇರ್ಲಿ. ನಮ್ಮಳಿಯ ಓಡಿಸ್ತಾನೆ. ಸಮಿತಿ ಇಚಾರ ನಂಗ್ ಬುಡು," ಅಂದರು. ಎರಡೇ ದಿನದಲ್ಲಿ ಒಪ್ಪಿಗೆ ಬಂತು.

"ನೀನೇ ಓಡ್ಸದಿದ್ರೆ ಯಾಕಣ್ಣ ಕಟ್ಟಿದ್ದು?" ಎಂದೆ.

"ಮೊದ್ಲು ಗಾಡಿ ಒಳೀಕ್ ಓಗ್ಲಿ ಬುಡಮ್ಮಿ. ಆಮೇಲೆ ನೋಡನ."

ಆ ಅಮೆರಿಕದ ತಂಡಕ್ಕೂ ಕೊನೆಗೆ ಒಪ್ಪಿಗೆ ಸಿಕ್ಕಿತು. ಮೊದಲು ಅರ್ಜಿ ಹಾಕಿದ್ದ ಮಾಲೀಕ ಹಿಂದೆ ಸರಿದು, ಅವನ ಜಾಗದಲ್ಲಿ ದೊಡ್ಡ ಕಾರು ಕಂಪನಿ ಮುಂದೆ ನಿಂತಿತ್ತು. ಸುದ್ದಿಯನ್ನು ಓದಿ ಹೇಳಿದರೆ ಅಣ್ಣ ತಲೆಯೆತ್ತಲಿಲ್ಲ.

ರೇಸಿನ ದಿನ ನಮ್ಮ ಜೀಪು ನಾಲ್ಕನೆಯದಾಗಿ ಬಂತು. ಮುಖಂಡರ ಕಡೆಯವರು ತಂದಿದ್ದ ಹಾರ ಬಿದ್ದದ್ದು ಅಳಿಯನ ಕೊರಳಿಗೆ. ರೇಸು ನಡೆಯುವಷ್ಟು ಹೊತ್ತೂ ಅಣ್ಣ ಹಗ್ಗದಾಚೆ ನಿಂತಿದ್ದ. ಪ್ರತಿ ತಿರುವಿಗೂ ಅವನ ಎಡಗಾಲು ಕ್ಲಚ್ ಒತ್ತಿದ ಹಾಗೆ ಧೂಳನ್ನು ಒತ್ತುತ್ತಿತ್ತು. ನನಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ. ರಸ್ತೆಯವರೆಗೂ ನಡೆದು ಹೋದೆ, ವಾಪಸ್ ಬಂದೆ, ಮತ್ತೆ ಹೋದೆ.

ಮುಂದಿನ ವರ್ಷ ಮುಖಂಡರು ತಂಡದ ಪರವಾಗಿ ಅಣ್ಣನನ್ನೇ ಸಮಿತಿಗೆ ಕಳಿಸಿದರು. ತೆರಕಣಾಂಬಿಯ ಇಬ್ಬರು ಅರಿಶಿನ ವ್ಯಾಪಾರಿಗಳು ಹೊಸ ಜೀಪು ಕಟ್ಟಿ ಅರ್ಜಿ ಹಾಕಿದ್ದರು. ಅರ್ಜಿ ಬಿದ್ದುಹೋಯಿತು; ಬೇಡ ಎಂದು ಕೈ ಎತ್ತಿದವರಲ್ಲಿ ಅಣ್ಣನೂ ಇದ್ದ. ಅದನ್ನು ಅವನೇ ನನಗೆ ಹೇಳಿದ.

"ಈಗೀಗ ನಮ್ಗೂ ನಾಕು ಕಾಸು ಕಾಣ್ತಾ ಅದೆ ಕಣಮ್ಮಿ. ಇನ್ನೊಬ್ರು ಬಂದ್ರೆ ಅದೂ ಕರಗೋಯ್ತದೆ."

"ನಿನ್ನ ಬೇಡ ಅಂದಾಗ ಎಂಗಿತ್ತು?"

"ಆಗ ನಾನು ಒರಗಡೆ ಇದ್ದೆ."

ಅಷ್ಟು ಹೇಳಿ ಕೈ ಒರೆಸಿಕೊಂಡು ಒಳಗೆ ಹೋದ. ನನಗೆ ಸಿಟ್ಟಿಗಿಂತ ಹೆಚ್ಚು ಭಯವಾಯಿತು. ಅವನು ಸುಳ್ಳು ಹೇಳಿರಲಿಲ್ಲ.

ಆ ಇಬ್ಬರಿಗೆ ನಾನೇ ಹೇಳಿಕಳಿಸಿ, ಎರಡನೆಯ ಅರ್ಜಿ ಬರೆದುಕೊಟ್ಟೆ. ವಿಷಯ ತಿಳಿದ ಅಣ್ಣ ಮೂರು ವಾರ ಫೋನ್ ಮಾಡಲಿಲ್ಲ. ಅರ್ಜಿ ಇನ್ನೂ ಸಮಿತಿಯ ಮುಂದೆಯೇ ಇದೆ. ಮೊನ್ನೆ ಕಚೇರಿಯ ಊಟದ ಹೊತ್ತಿಗೆ ಆ ವ್ಯಾಪಾರಿಗಳು ಮತ್ತೆ ಬಂದಿದ್ದರು. ಇಬ್ಬರಲ್ಲಿ ಕಿರಿಯವನು ತಗ್ಗಿದ ದನಿಯಲ್ಲಿ ಕೇಳಿದ, "ಯಾರಾದ್ರೂ ದೊಡ್ಡೋರ್ನ ಇಡ್ಕೋಬೇಕಾ ಅಕ್ಕ?"

ಇಲ್ಲ ಅನ್ನಬೇಕೆಂದೇ ಬಾಯಿ ತೆರೆದೆ. "ಇಡ್ಕೋಬೇಕಾಯ್ತದೆ," ಅಂದುಬಿಟ್ಟೆ.

ಅವರು ತಲೆಯಾಡಿಸಿ ಹೋದರು. ಅಂದಿನಿಂದ ಕಡತಗಳ ಮುಂದೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ.