ಮಾತು ಪುಕ್ಕಟೆಯಾದ ಮೇಲೂ ಒಂದೇ ರಿಂಗು

ಅಥವಾ ಎರಡು ರಿಂಗು ಇದ್ದವೇನೋ. ಒಂದೇ ಎಂದು ಎಷ್ಟೋ ಜನರಿಗೆ ಹೇಳಿಬಿಟ್ಟಿದ್ದೇನೆ. ಹೇಳಿ ಹೇಳಿ ಅದೇ ಗಟ್ಟಿಯಾಗಿದೆ. ಹೀಗೆ ಗಟ್ಟಿಯಾದ ನೆನಪಿನ ಮೇಲೇ ನನಗೆ ಹೆಚ್ಚು ಅನುಮಾನ. ಧೈರ್ಯವಾಗಿ ಹೇಳಬಲ್ಲದ್ದು ಇಷ್ಟು: ಸಂಜೆ ದೀಪ ಹಚ್ಚುವ ಹೊತ್ತಿಗೆ ಕುರುಗೋಡಿನ ನಮ್ಮ ಮನೆಯ ಗೂಡಿನಲ್ಲಿಟ್ಟ ಫೋನು ಕೂಗಿ ಸುಮ್ಮನಾಗುತ್ತಿತ್ತು. ಅವ್ವ ಕೈ ಒರೆಸಿಕೊಂಡು ಬಂದು ಅದೇ ನಂಬರಿಗೆ ಒತ್ತಿ, ಅತ್ತ ರಿಂಗಾದದ್ದೇ ತಡ ಕಟ್ ಮಾಡಿ, ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು.

ಅತ್ತ ಇದ್ದವಳು ದೊಡ್ಡವ್ವ, ಅವ್ವನ ಅಕ್ಕ. ಅವಳಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ಅವ್ವ ಕುರುಗೋಡಿನ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯುತ್ತಿರಲಿಲ್ಲ. ಮಿಸ್ ಕಾಲ್ ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಮೊದಲು ಅಕ್ಕ, ಆಮೇಲೆ ತಂಗಿ. ‘ಅದೀನಿ’ ಎಂದು ಅವಳು, ‘ನಾನೂ ಅದೀನಿ’ ಎಂದು ಇವಳು. ಈ ಅರ್ಥವನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ನಾನೇ ಹಚ್ಚಿದ್ದು. ಒಮ್ಮೆ ಕೈ ತಪ್ಪಿ ಫೋನ್ ಎತ್ತಿ ಹಲೋ ಎಂದುಬಿಟ್ಟೆ. ಅತ್ತಣಿಂದ ದೊಡ್ಡವ್ವ ಚೀರಿದಳು:

“ಏ, ಇಡಲೇ! ಯಾಕ ಎತ್ತಿದಿ? ಕರೆನ್ಸಿ ಹೊಕ್ಕೈತಿ, ಇಡು!”

ಮಾತಿಗೆ ದುಡ್ಡು ಬೀಳುತ್ತಿತ್ತು. ಹಾಗಾಗಿ ಮಾತಾಡದೆ ಇರುವುದಕ್ಕೆ ಒಂದು ಮರ್ಯಾದಸ್ತ ಕಾರಣವೂ ಇತ್ತು. ಯಾರಾದರೂ ಕೇಳಿದರೆ ಇಬ್ಬರೂ ಅದನ್ನೇ ಹೇಳುತ್ತಿದ್ದರು: ಕರೆನ್ಸಿ ಇಲ್ಲ.

ನಾನಾಗ ಬಳ್ಳಾರಿಯಲ್ಲಿ ಸಿಮ್ ಮಾರುವವಳು. ಬಸ್ ಸ್ಟ್ಯಾಂಡಿನ ಎದುರು ಕಂಪನಿಯ ಬಣ್ಣದ ಕೊಡೆ, ಅದರ ಕೆಳಗೆ ಒಂದು ಮೇಜು, ನಾನು. ಸಾಲಾಗಿ ಇನ್ನೂ ಮೂರು ಕಂಪನಿಗಳ ಕೊಡೆಗಳಿದ್ದವು. ನಾಲ್ಕಿರಬಹುದು. ಬೆಳಿಗ್ಗೆ ನಾನು ರಟ್ಟಿನ ಮೇಲೆ ನಿಮಿಷಕ್ಕೆ ಇಷ್ಟು ಎಂದು ಬರೆದರೆ, ಪಕ್ಕದ ಕೊಡೆಯವನು ಟೀ ಕುಡಿಯುವ ನೆಪದಲ್ಲಿ ಬಂದು ಓದಿಕೊಂಡು ಹೋಗುತ್ತಿದ್ದ. ಊಟದ ಹೊತ್ತಿಗೆ ಅವನ ರಟ್ಟಿನಲ್ಲಿ ನನಗಿಂತ ಕಡಿಮೆ. ಸಂಜೆಗೆ ನಮ್ಮ ಕಂಪನಿಯ ಏರಿಯಾ ಮ್ಯಾನೇಜರನಿಂದ ಫೋನು: ಅಳಿಸು, ಇನ್ನೂ ಇಳಿಸು. ನಿಮಿಷದ ಲೆಕ್ಕ ಸೆಕೆಂಡಿಗೆ ಬಂತು. ಅಳಿಸಿ ಅಳಿಸಿ ರಟ್ಟೇ ತೂತುಬಿತ್ತು. ನಂತರ ಒಂದು ದಿನ ಬರೆಯಲು ಅಂಕಿಯೇ ಉಳಿಯಲಿಲ್ಲ. ‘ಮಾತು ಫ್ರೀ’ ಎಂದು ಬರೆದೆ. ಬರೆದು ಸ್ವಲ್ಪ ದೂರ ಹೋಗಿ ನಿಂತು ನಾನೇ ಓದಿಕೊಂಡೆ. ಮೈ ಜುಮ್ಮೆಂದಿತು. ಈಗ ಇದನ್ನು ಹೇಳಿದರೆ ನಗುತ್ತಾರೆ, ನಗಲಿ.

ಕೊಳಗಲ್ಲಿನ ಒಬ್ಬ ಹಮಾಲಿ ಸಿಮ್ ತಗೊಂಡು ಅನುಮಾನದಿಂದ ಕೇಳಿದ:

“ಎಷ್ಟ ಮಾತಾಡಿದ್ರೂ ರೊಕ್ಕ ಹೋಗಲ್ಲೇನ್ರಿ?”

“ಇಲ್ರಿ.”

“ಹಂಗಾರ ಏನ ಮಾತಾಡ್ಲಿ?”

ಆಮೇಲೆ ಮೂಟೆಗಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ. ಹೇಳಲು ಏನೂ ಇರಲಿಲ್ಲವೆಂದು ಕಾಣುತ್ತದೆ. “ಕುಡತಿನಿ ಬಸ್ಸು ಬಂತು. ಹೋತು. ಈಗೊಂದು ಎಮ್ಮಿ ಬರಾಕತ್ತೈತಿ” ಎಂದು ಬೀದಿಯನ್ನೇ ಒಪ್ಪಿಸತೊಡಗಿದ. ಅತ್ತ ಅವಳು ನಗುವುದು ನನಗೂ ಕೇಳುತ್ತಿತ್ತು. ಇಷ್ಟು ವರ್ಷ ಎರಡು ಊರುಗಳ ನಡುವೆ ಹೇಳದೆ ಉಳಿದ ಎಮ್ಮೆಗಳೆಷ್ಟೋ!

ಆ ಭಾನುವಾರವೇ ಅವ್ವನಿಗೂ ಒಂದು ಫ್ರೀ ಸಿಮ್ ಒಯ್ದೆ. ಹಳೆಯದನ್ನು ತೆಗೆದು ಕುಂಕುಮದ ಡಬ್ಬಿಯಲ್ಲಿಟ್ಟು, ಹೊಸದು ಹಾಕಿ, ಬಳ್ಳಾರಿಗೆ ವಾಪಸ್ಸಾದೆ. ಸಿಮ್ ಕೊಟ್ಟ ಪ್ರತಿಯೊಬ್ಬರಿಗೂ “ನಂಬರ್ ಬದಲಾಗತೈತಿ, ನಿಮ್ಮವರಿಗೆ ಹೇಳ್ರಿ” ಎನ್ನುತ್ತಿದ್ದವಳು ನನ್ನ ಅವ್ವನಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ನಂಬರ್ ಇರುವುದು ಫೋನಿನಲ್ಲಿ ಎಂದು ಅವಳು ತಿಳಿದಿದ್ದಳು. ಫೋನು ಅದೇ, ಗೂಡೂ ಅದೇ, ಅಂದಮೇಲೆ ನಂಬರೂ ಅದೇ.

ಮುಂದಿನದನ್ನು ನಾನು ಕಂಡಿಲ್ಲ, ಅವ್ವ ಆಮೇಲೆ ತುಂಡು ತುಂಡಾಗಿ ಹೇಳಿದ್ದು. ಸೋಮವಾರ ಸಂಜೆ ಫೋನು ಕೂಗಲಿಲ್ಲ. ಮಂಗಳವಾರವೂ ಇಲ್ಲ. ತಾನೇ ಒತ್ತೋಣವೆಂದರೆ ಅಕ್ಕನ ನಂಬರು ಹಳೇ ಸಿಮ್ಮಿನ ಜೊತೆಗೇ ಹೋಗಿತ್ತು. ಅವ್ವನಿಗದು ತಿಳಿಯದು, ಅಕ್ಕನ ಹೆಸರು ತಾನಾಗಿ ಅಳಿಸಿಹೋಗಿದೆ ಎಂದಷ್ಟೇ ಕಂಡಿತ್ತು. ಬುಧವಾರ ಸಾರಿಗೆ ಎರಡು ಸಲ ಉಪ್ಪು ಹಾಕಿ ಹೆಡ್‌ಮಾಸ್ತರರಿಂದ ಬೈಸಿಕೊಂಡಳು. ನನ್ನ ನಂಬರನ್ನು ಹೊಸ ಸಿಮ್ಮಿಗೆ ಹಾಕಿಟ್ಟಿದ್ದೆ, ನನಗೊಂದು ಫೋನ್ ಮಾಡಬಹುದಿತ್ತು. ಆದರೆ ಮಾಡಿದ್ದರೆ, ಮಾತು ಬಿಟ್ಟ ಅಕ್ಕನಿಗಾಗಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು.

ಮುಂದಿನ ಭಾನುವಾರ ನಾನು ಮನೆಯಲ್ಲಿದ್ದೆ. ಬಾಗಿಲಲ್ಲಿ ನೆರಳಾಯಿತು. ಕೈಚೀಲ ಹಿಡಿದು ದೊಡ್ಡವ್ವ ನಿಂತಿದ್ದಳು, ಹೊಸ್ತಿಲ ಆಚೆ. ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬಂದಿದ್ದಳು. ಕೂದಲಲ್ಲಿ ಗಿರಣಿಯ ತೌಡಿತ್ತು. ಅಥವಾ ಆ ತೌಡನ್ನು ನಾನು ಆಮೇಲೆ ಸೇರಿಸಿದ್ದೇನೆ.

“ಸತ್ತೀಯೋ ಬದುಕೀಯೋ ನೋಡಾಕ ಬಂದೆ,” ಎಂದಳು.

ಅವ್ವ ಕೂತಲ್ಲಿಂದ ಏಳಲಿಲ್ಲ. “ನಾನೂ ಹಂಗಽ ಅನ್ಕಂಡಿದ್ದೆ, ನೀನಽ ಹೋದಿ ಅಂತ.”

“ಅನ್ಕಂಡಾಕಿ ಮಣ್ಣಿಗರ ಬರಬೇಕಿತ್ತಿಲ್ಲ?”

“ನೀನು ಕರೀಬೇಕಿತ್ತು.”

“ಸತ್ತಾಕಿ ಹೆಂಗ ಕರೀಲೇ?”

ಮೊದಲು ನಕ್ಕವರು ಯಾರು ಎಂಬುದು ನೆನಪಿಲ್ಲ. ನಾನಂತೂ ಅಲ್ಲ. ನನಗಾಗಲೇ ನನ್ನ ತಪ್ಪು ಹೊಳೆದಿತ್ತು. ಕುಂಕುಮದ ಡಬ್ಬಿ ತೆರೆದು, ಕೆಂಪಾಗಿದ್ದ ಸಿಮ್ಮನ್ನು ಸೆರಗಿನಿಂದ ಒರೆಸಿ ತೋರಿಸಿದೆ. ನಂಬರಿರುವುದು ಇದರಲ್ಲಿ, ಇದನ್ನು ತೆಗೆದದ್ದು ನಾನು, ಹೇಳದಿದ್ದವಳೂ ನಾನು ಎಂದೆ. ದೊಡ್ಡವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

“ಈ ಉಗುರಿನಷ್ಟು ತುಂಡಿನಾಗ ನಾನು ಅದೀನೇನು?”

“ಹೂಂ, ದೊಡ್ಡವ್ವ.”

“ಮತ್ತ ಇಕಿ?”

“ಇಕಿನೂ.”

“ಅದಕ್ಕಽ ಜಗಳ ಆಡಾಕ ಜಾಗ ಇಲ್ಲ,” ಎಂದು ಅವ್ವ ಗೊಣಗಿ ಜೋಳದ ಹಿಟ್ಟು ಕಲಸಲು ಎದ್ದಳು. ದೊಡ್ಡವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು.

ರೊಟ್ಟಿ ತಿಂದರು. ನಾನು ನೀರಿಗೆ ಹೋಗಿದ್ದಾಗ ಇಬ್ಬರೇ ಕೂತಿದ್ದರು. ಮಧ್ಯಾಹ್ನದ ಬಸ್ಸಿಗೆ ದೊಡ್ಡವ್ವ ಹೊರಟಳು. ಅದಕ್ಕೆ ಮೊದಲು ಅವ್ವನ ಹಳೇ ಸಿಮ್ಮನ್ನೇ ಮತ್ತೆ ಹಾಕಿದ್ದೆ. ಪೈಪೋಟಿಯಲ್ಲಿ ಸೋಲಬಾರದೆಂದು ಅಷ್ಟರಲ್ಲಿ ಆ ಕಂಪನಿಯೂ ಮಾತನ್ನು ಫ್ರೀ ಮಾಡಿತ್ತು. ದೊಡ್ಡವ್ವನದಕ್ಕೂ ಅದೇ ಪ್ಯಾಕ್ ಹಾಕಿ, “ಇನ್ನ ಎಷ್ಟ ಬೇಕೋ ಅಷ್ಟ ಮಾತಾಡ್ರಿ” ಎಂದೆ. ಜಗತ್ತಿಗೇ ಒಂದು ದೊಡ್ಡ ಉಪಕಾರವನ್ನು ನನ್ನ ಕೈಯಾರೆ ಮಾಡಿದ ಹಾಗೆ ಅನಿಸಿತ್ತು.

ಸಂಜೆ ಫೋನು ಕೂಗಿತು. ಒಂದು ರಿಂಗು. ನಿಂತಿತು. ಅವ್ವ ಕೈ ಒರೆಸಿಕೊಂಡು ಬಂದಳು.

“ಫ್ರೀ ಐತೆವ್ವಾ! ಹಚ್ಚಿ ಮಾತಾಡು!”

“ಏನಂತ ಮಾತಾಡ್ಲಿ?” ಎಂದು ಒಂದೇ ರಿಂಗು ಕೊಟ್ಟು ಫೋನನ್ನು ಗೂಡಿನಲ್ಲಿಟ್ಟಳು.

ಈಗ ಆ ಕೊಡೆಗಳಿಲ್ಲ. ಕಂಪನಿಗಳು ಕೆಲವೇ ಉಳಿದಿವೆ, ಪ್ಯಾಕಿನ ಬೆಲೆ ಮೆಲ್ಲಗೆ ಏರುತ್ತಿದೆ. ರಿಂಗು ಮಾತ್ರ ನಡೆದೇ ಇದೆ. ಕಳೆದ ಸಲ ಊರಿಗೆ ಹೋದಾಗ ಅದು ಒಂದಕ್ಕೆ ನಿಲ್ಲಲಿಲ್ಲ. ಎರಡಾಯಿತು, ಮೂರಾಯಿತು, ಕೂಗುತ್ತಲೇ ಇತ್ತು. ಅವ್ವ ನನ್ನ ಮುಖ ನೋಡಿ, ಎತ್ತಿ, ಕಿವಿಗಿಟ್ಟುಕೊಂಡಳು. ಹಲೋ ಎನ್ನಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಇಟ್ಟಳು.

“ಏನಂದ್ಲು?”

“ಏನಿಲ್ಲ. ಗಿರಣಿ ಸಪ್ಪಳ ಕೇಳಿಸ್ತು.”

ದೊಡ್ಡವ್ವ ಬೇಕೆಂದೇ ಎತ್ತುವವರೆಗೆ ಬಿಟ್ಟಳೋ, ಕೈ ತಾಗಿ ಹತ್ತಿತೋ, ನಾನು ಕೇಳಲಿಲ್ಲ. ಇಬ್ಬರೂ ಮೊದಲು ಮಾತು ಬಿಟ್ಟದ್ದು ಯಾಕೆ ಎಂಬುದೂ ಗೊತ್ತಿಲ್ಲ. ನಾನು ನೀರಿಗೆ ಹೋಗಿದ್ದ ಆ ಹೊತ್ತಿನಲ್ಲಿ ಏನು ಮಾತಾಡಿಕೊಂಡರು, ಮಾತಾಡಿದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.