ಮೂರು ಗೀರು

ನನಗೆ ಕೇಳಿಸಿರಲಿಲ್ಲ, ಪರಶುರಾಮ. ಮೂರು ಎಂದು ಹೇಳಿದೆನಲ್ಲ — ಆ ಮೂರರಲ್ಲಿ ಒಂದು ಗೀರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಿನ್ನ ಭುಜ ಮೂರು ಸಲ ಅಲುಗಿದ್ದನ್ನು ನೋಡಿ ಹೇಳಿದೆ. ಹತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ತಿಂದಿದ್ದೇನೆ. ನಾಚಿಕೆಗೇಡಿ ಬಾಳು, ಇನ್ನೇನು.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ನಿನ್ನ ಮನೆಯವರೂ ಓದಲಿ ಎಂದು. ಖಾನಾಪುರದ ಕಟ್ಟಿಗೆ ಮಿಲ್ಲಿನಲ್ಲಿ ಮರ ಪರೀಕ್ಷೆ ಮಾಡುವವನು ನಾನು. ಕೊಯ್ದ ತೊಲೆಯ ಒಂದು ತುದಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಕೊಳ್ಳುವವನು ಇನ್ನೊಂದು ತುದಿಯಲ್ಲಿ ಮೊಳೆಯಿಂದ ತನಗೆ ತೋಚಿದಷ್ಟು ಸಲ ಗೀರುತ್ತಿದ್ದ. ಎಷ್ಟು ಗೀರು ಎಂದು ನಾನು ಹೇಳಬೇಕು. ಗಟ್ಟಿ ಮರವಾದರೆ ಕಿವಿಯ ಪಕ್ಕದಲ್ಲೇ ಗೀರಿದ ಹಾಗೆ ಕೇಳುತ್ತದೆ; ಒಳಗೆ ಒಡಕಿದ್ದರೆ ಸದ್ದು ನಡುವೆಯೇ ಸತ್ತುಹೋಗುತ್ತದೆ. ನನ್ನ ಅಬ್ಬಾ ಕಲಿಸಿದ ವಿದ್ಯೆ. ಈ ದಸ್ತಗೀರ ಹೂಂ ಎಂದರೆ ಲೋಂಡಾದವರೆಗೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಆದರೆ ಯಂತ್ರದ ಗರಗಸದ ಮಗ್ಗುಲಲ್ಲಿ ಇಪ್ಪತ್ತು ವರ್ಷ ನಿಂತ ಕಿವಿ ಅದು — ನೀನು ಬರುವ ಹೊತ್ತಿಗೆ ಹೋಗಿಬಿಟ್ಟಿತ್ತು. ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಮರುದಿನವೇ ನಾನು ದಿಮ್ಮಿ ಉರುಳಿಸುವವರ ಜೊತೆ, ಕಿವುಡ ದಸ್ತಗೀರ. ಆ ಹೆಸರಿಗೆ ಹೆದರಿದೆ. ಮಾತಾಡುವವರ ತುಟಿ, ಗೀರುವವರ ಭುಜ ನೋಡುವುದನ್ನು ಕಲಿತೆ.

ನೀನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಫೌಂಡ್ರಿಗಳಿಗೆ ಮರದ ಮಾದರಿ ಮಾಡಿಕೊಡುವವನು. ಕೂದಲೆಳೆ ತಪ್ಪದ ಕೈ. ಗೋವಾದ ದಂಡೆಯಲ್ಲಿ ಯಾರೋ ಪರದೇಶಿಯವನ ಜೋಡಿ ಒಡಲಿನ ಹಾಯಿದೋಣಿ, ಕ್ಯಾಟಮರಾನ್, ನೋಡಿ ಹುಚ್ಚು ಹಿಡಿಸಿಕೊಂಡು ಬಂದಿದ್ದೆ. ಜೊತೆಗೆ ನಿನ್ನ ತಮ್ಮ ಮಾರುತಿ. ಅವ್ವ ಅಪ್ಪ ಇಲ್ಲದ ಅವನನ್ನು ನೀನೇ ಸಾಕಿದ್ದೆ; ಮಲಪ್ರಭೆಯಲ್ಲಿ ಈಜಿ ಬೆಳೆದವನು, ಆಗ ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ದೋಣಿ ನಡೆಸುವವನು ಅವನೇ ಎಂದೆ ನೀನು. ಒಡಲೆರಡನ್ನೂ ಹಿಡಿದು ನಿಲ್ಲಿಸುವ ಅಡ್ಡತೊಲೆಗೆ ಸಾಗವಾನಿ ಬೇಕಿತ್ತು.

"ಎರಡು ಎತ್ತು, ಒಂದ ನೊಗ, ಭಾಯಿ. ಒಂದು ಎತ್ತು ಏರಿಗಿ ಎಳೀತೈತಿ, ಒಂದು ಇಳಕಲಿಗಿ. ನೊಗ ತಡೀಬೇಕು."

ಹಾಗಾದರೆ ದಪ್ಪ ತೊಲೆಯನ್ನೇ ಒಯ್ಯಿ ಎಂದೆ. ನೀನು ಬೇಡವೆಂದು ತಲೆಯಾಡಿಸಿದೆ. ತೂಕ ಬಂದರೆ ಓಟ ಹೋಯಿತು, ತೊಲೆ ತೆಳುವಾಗಿಯೇ ಇರಬೇಕು, ಅದಕ್ಕೇ ನಿಮ್ಮ ಕಿವಿ ನಂಬಿ ಬಂದೆ ಎಂದೆ. ನನ್ನ ಕಿವಿ ನಂಬಿ — ಯಾ ಅಲ್ಲಾ.

ಇನ್ನೊಂದು ಮಾತು. ನಿನಗೆ ತೊಲೆ ಕೊಯ್ದ ದಿಮ್ಮಿ ಕಾಡಿನಿಂದ ಬಂದಾಗ ಅದರ ತೊಗಟೆ ಒಂದು ಕಡೆ ಜಜ್ಜಿದ್ದನ್ನು ನಾನು ನೋಡಿದ್ದೆ. ಮರ ಕಡಿಯುವವರು ಕೆಳಗೆ ಟೊಂಗೆ ಸೊಪ್ಪು ಹಾಸಿ, ಅದರ ಮೇಲೆ ಬೀಳುವಂತೆ ಕೆಡವುತ್ತಾರೆ. ಇದಕ್ಕೆ ಹಾಸಿರಲಿಲ್ಲ, ಬಂಡೆಗೆ ಅಡ್ಡ ಬಿದ್ದಿತ್ತು. ಹಾಗೆ ಬಿದ್ದ ಮರ ಹೊರಗೆ ನೆಟ್ಟಗೆ ಕಂಡರೂ ಒಳಗೆ ನುಗ್ಗಾಗಿರಬಹುದು. ಅದು ಕಿವಿಗಷ್ಟೇ ತಿಳಿಯುವ ಪೆಟ್ಟು. ಗೊತ್ತಿದ್ದೂ ಕಿವಿ ಹಚ್ಚಿ ಕೂತೆ. ಬರೀ ಮೌನ. ಮರದ್ದೋ, ಕಿವಿಯದೋ, ಯಾರಿಗೆ ಗೊತ್ತು... ನಿನ್ನ ಭುಜ ನಿಂತಿತು. ಮಾರುತಿ ನಗುತ್ತ ನನ್ನನ್ನೇ ನೋಡುತ್ತಿದ್ದ.

"ಮೂರು," ಎಂದೆ.

ತಿಂಗಳ ಮೇಲೆ ನಿನ್ನ ಶೆಡ್ಡಿಗೆ ಬಂದಿದ್ದೆ, ನೆನಪಿದೆಯೆ? ನೀನು ತೊಲೆಯನ್ನು ನುಣುಪು ಮಾಡಲು ರಂಧಾ ಹೊಡೆಯುತ್ತಿದ್ದೆ. ಹೆರೆದ ಸುರುಳಿ ಉದ್ದಕ್ಕೆ ಬರುತ್ತಿದ್ದದ್ದು ಒಂದು ಜಾಗದಲ್ಲಿ ಮಾತ್ರ ತುಂಡು ತುಂಡಾಗಿ ಉದುರುತ್ತಿತ್ತು. ಯಾಕೆ ಎಂದು ನನ್ನನ್ನು ಕೇಳಿದೆ. ಆ ತುಂಡುಗಳನ್ನು ಕೈಯಲ್ಲಿ ಹಿಡಿದಾಗಲೇ ಒಳಗೆ ಒಡಕಿದೆ ಎಂದು ನನಗೆ ತಿಳಿಯಿತು. ರಂಧಾ ಮೊಂಡಾಗಿದೆ, ಅಲಗು ಮಸೆ ಎಂದುಬಿಟ್ಟೆ. ಪಾಪ, ನೀನು ಮಸೆಯಲು ಕೂತೆ. ಬೆಳಗಾವಿಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ಎರಡು ಸಲ ಇಳಿದು ತಿರುಗಿ ಹೋಗೋಣ ಎನ್ನಿಸಿತು. ಇಳಿಯಲಿಲ್ಲ.

ಗೋವಾದ ಕಡಲಿನಲ್ಲಿ ಎರಡು ದಿನ ದೋಣಿ ಮೀನುಗಾರರ ಹಾಯಿಗಳನ್ನೆಲ್ಲ ಹಿಂದೆ ಹಾಕಿ ಓಡಿತಂತೆ. ಮೂರನೆಯ ದಿನ ನೀನು ದಂಡೆಯಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ ಆ ಅಡ್ಡತೊಲೆ ಮುರಿಯಿತು, ಹಾಯಿಕಂಬ ಮಾರುತಿಯ ಮೇಲೆ ಬಿತ್ತು, ಒಡಲೆರಡೂ ಬೇರೆಬೇರೆ ಹೋದವು. ಅವನು ಹೆಣವಾಗಿ ದಂಡೆಗೆ ಬಂದದ್ದು ಎರಡು ದಿನದ ಮೇಲೆ.

ಆಮೇಲೆ ನೀನು ಮುರಿದ ತೊಲೆಯ ತುಂಡನ್ನು ಹೊತ್ತು ಖಾನಾಪುರಕ್ಕೆ ಬಂದೆ. ಗಡ್ಡ ಬೆಳೆದಿತ್ತು. ತುಂಡನ್ನು ನನ್ನ ಕಾಲ ಬಳಿ ಇಟ್ಟು, ನನ್ನ ಮುಖ ನೋಡುತ್ತ ಕೇಳಿದೆ.

"ಖರೇ ಹೇಳ್ರಿ ಭಾಯಿ. ಬೋಲ್ಟಿಗಿ ನಾ ಹಾಕಿದ ತೂತನ ಇದನ್ನ ಮುರೀತೇನು?"

ಒಳ್ಳೆಯ ಸಾಗವಾನಿ ಮುರಿದರೆ ಉದ್ದುದ್ದ ಸಿಬಿರು ಏಳುತ್ತದೆ. ಇದು ಮೂಲಂಗಿಯ ಹಾಗೆ ಸಪಾಟಾಗಿ ಮುರಿದಿತ್ತು. ತಪ್ಪು ಮರದ್ದೇ ಎಂದು ನೋಡಿದ ಕೂಡಲೇ ತಿಳಿಯಿತು.

"ತೂತಿನ ಬಾಜೂಕ ಮುರದೈತಿ," ಎಂದೆ.

ಅದು ಖರೇ ಮಾತೇ. ಆ ಖರೇ ಮಾತಿನ ಹಿಂದೆ ಅಡಗಿ ಕೂತೆ ನಾನು, ಹೇಡಿ. ನೀನು ತಲೆ ತಗ್ಗಿಸಿ, ಇದನ್ನು ಒಲೆಗೆ ಹಾಕಿರಿ ಎಂದು ಹೊರಟುಹೋದೆ. ನಾನು ಒಲೆಗೆ ಹಾಕಲಿಲ್ಲ. ಅದೇ ಸಂಜೆ ತೂತಿನಿಂದ ಒಂದು ಮೊಳ ದೂರದಲ್ಲಿ ಹೆರೆದು ನೋಡಿದೆ. ಎಳೆಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೆರೆ — ಅದರಾಚೆ ಇನ್ನೊಂದು. ಬಂಡೆಯ ಪೆಟ್ಟು. ನಿನ್ನ ತೂತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ನೀನು. ಶೆಡ್ಡು ಮುಚ್ಚಿ, ಉಳಿ ರಂಧಾ ಎಲ್ಲ ಕೊಟ್ಟುಬಿಟ್ಟು, ಫೌಂಡ್ರಿಯ ಗೇಟು ಕಾಯುತ್ತಿದ್ದೀಯಂತೆ. ಅಲ್ಲೇ ದುಡಿಯುವ ನನ್ನ ಅಳಿಯ ಮೊನ್ನೆ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದ: ಯಾರೋ ಮಾದರಿ ಮಾಡಿಕೊಡು ಎಂದು ಬಂದರೆ, ಇದು ತಮ್ಮನ್ನ ತಿಂದ ಕೈ ಎಂದು ಅಂಗೈ ತೋರಿಸಿ ಕಳಿಸಿದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿದಿಲ್ಲ.

ನಿನ್ನ ಕೈ ತಿನ್ನಲಿಲ್ಲ, ಪರಶುರಾಮ. ನನ್ನ ಬಾಯಿ ತಿಂದಿತು. ಕ್ಷಮಿಸು ಎನ್ನುವ ಮುಖ ನನಗಿಲ್ಲ, ಅದನ್ನು ಕೇಳುವುದೂ ಇಲ್ಲ.

ಬರುವ ರವಿವಾರ ಆ ತುಂಡು ತೆಗೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೇ ಕೂರುತ್ತೇನೆ. ತೆರೆದರೆ ಆ ಗೆರೆಗಳನ್ನು ನಿನ್ನ ಕಣ್ಣಿಗೆ ತೋರಿಸುತ್ತೇನೆ. ಆಮೇಲೆ ಒಂದು ತುದಿಗೆ ನೀನು ಕಿವಿ ಹಚ್ಚು, ಇನ್ನೊಂದು ತುದಿಯಲ್ಲಿ ನಾನು ಗೀರುತ್ತೇನೆ. ನನ್ನ ಭುಜ ನೋಡಬೇಡ. ನಿನಗೆ ಕೇಳಿಸಿದಷ್ಟನ್ನೇ ಹೇಳು.