ಡ್ಯಾನ್ಯೂಬ್ ದಂಡೆಯಲ್ಲಿ ಅಪ್ಪನ ಗಂಟು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಮಾನ್ವಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ. ಭತ್ತದ ಲಾರಿ ಬಂದರೆ, ತಂದವನು ಎಷ್ಟೇ ಆಣೆ ಮಾಡಲಿ, ಮೀಟರು ಹಾಕಿ ಹಸಿ ಎಷ್ಟಿದೆ ಎಂದು ನೋಡದೆ ನಾನು ಒಂದು ಚೀಲವನ್ನೂ ಇಳಿಸಗೊಡುವುದಿಲ್ಲ. ಸತ್ತವರು ಕನಸಿನಲ್ಲಿ ಬಂದು ಹೀಗೆ ಹೇಳಿದರು, ಹಾಗೆ ಹೇಳಿದರು ಎಂದು ಯಾರಾದರೂ ಶುರು ಮಾಡಿದರೆ ನನ್ನ ಮುಖದಲ್ಲಿ ನಗು ಕಾಣುತ್ತದಂತೆ. ಅದಕ್ಕೇ ಮನೆಯಲ್ಲಿ ನನ್ನ ಮುಂದೆ ಯಾರೂ ಆ ಮಾತು ತೆಗೆಯುವುದಿಲ್ಲ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಬಿಳಿ ಅಕ್ಕಿಯಿಂದ ಕಪ್ಪು ಕಾಳನ್ನು ಬೇರೆ ಮಾಡುವ ಹೊಸ ಯಂತ್ರವೊಂದನ್ನು ನೋಡಲು ನಾನು ಮತ್ತು ಕಾಕಾ ಜರ್ಮನಿಗೆ ಹೋಗಿದ್ದೆವು. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಇರುವುದು ದೇವದುರ್ಗದಲ್ಲಿ. ಎಪ್ಪತ್ತು ದಾಟಿದೆ, ಶುಗರ್ ಇದೆ, ಕಣ್ಣು ಮಂಜು. ಅಪ್ಪ ತೀರಿಕೊಂಡ ಮೇಲೆ ಗಿರಣಿ ನಮ್ಮಿಬ್ಬರ ಕೈಯಲ್ಲೇ ನಡೆಯುತ್ತಿದೆ. ಫೋಟೋ ನೋಡಿ ಯಂತ್ರ ತರಿಸೋಣ ಅಂದರೆ ಅವರು ಸುತಾರಾಂ ಒಪ್ಪಲಿಲ್ಲ. "ಎತ್ತು ತರಬೇಕಾದ್ರ ಹಲ್ಲು ನೋಡಿ ತರ್ತೀವಿ. ಇದನ್ನ ಕಣ್ಣಿಲೆ ಕಾಣಲಾರದ ಹೆಂಗ ತರೂದು?" ಎಂದರು. ಕಾಕಾ ಒಮ್ಮೆ ಪಟ್ಟು ಹಿಡಿದರೆ ಮುಗಿಯಿತು. ನಾನೂ ಅದೇ ಮನೆತನದವಳು, ಆ ಮಾತು ಬೇರೆ.

ಕಾಕಾನ ಇನ್ನೊಂದು ಪಟ್ಟಿನ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನಮ್ಮ ಗಿರಣಿಯಲ್ಲಿ ಮೋಟಾರು ಹಾಕುವ ಮುಂಚೆ ಸ್ವಿಚ್ಚಿನ ಹತ್ತಿರ ನಿಂತವರು ಮೂರು ಸಲ "ಚಾಲೂ" ಎಂದು ಕೂಗಬೇಕು. ಪಟ್ಟಾ, ಅಂದರೆ ಮೋಟಾರಿನ ಬೆಲ್ಟು, ತಿರುಗುವ ಕಡೆ ಇದ್ದವರು "ಹೂಂ" ಅನ್ನುವವರೆಗೂ ಕೈ ಕಟ್ಟಿಕೊಂಡು ನಿಲ್ಲಬೇಕು. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಕಾಕಾ ಕೂಗಿದರು, ಉತ್ತರಕ್ಕೆ ಕಾಯಲಿಲ್ಲ. ಪಟ್ಟಾದಲ್ಲಿ ಅಪ್ಪನ ಕೈ ಇತ್ತು. ಎಡಗೈಯ ಎರಡು ಬೆರಳು ಬುಡದವರೆಗೆ ಹೋದವು.

ಅಪ್ಪ ಅದರ ಬಗ್ಗೆ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಆ ದಿನವಲ್ಲ, ಸಾಯುವವರೆಗೂ ಅನ್ನಲಿಲ್ಲ. ಬೈದಿದ್ದರೆ ಕಾಕಾಗೆ ಹಗುರಾಗುತ್ತಿತ್ತೇನೋ. ಅಲ್ಲಿಯವರೆಗೆ ಸ್ನಾನಕ್ಕೂ ಮೊದಲೇ ಬಂಡಿಯ ಮುಂದೆ ನಿಂತು ಮಿರ್ಚಿ ತಿನ್ನುತ್ತಿದ್ದ ಮನುಷ್ಯ ಅವತ್ತಿನಿಂದ ಬೇರೆಯೇ ಆದರು. ಮೋಟಾರಿನ ಸ್ವಿಚ್ಚು ಮತ್ತೆ ಮುಟ್ಟಲಿಲ್ಲ. ಎರಡು ಹೊತ್ತೂ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನನ್ನ ಲಿಂಗವೋ, ಮದುವೆಯಾದ ಹೊಸದರಲ್ಲೇ ತೆಗೆದು ದೇವರ ಜಗಲಿಯ ಡಬ್ಬಿಯಲ್ಲಿಟ್ಟವಳು ನಾನು.

ಹೊರಡುವ ದಿನ ಕಾಕಾ ರಾಯಚೂರಿನ ನಮ್ಮ ಮನೆಗೆ ಬಂದರು. ಲಿಂಗಕ್ಕೆ ಹೊಸ ಶಿವದಾರ ಬೇಕೆಂದು ನಾನೇ ಅಂಗಡಿಯಿಂದ ತಂದಿಟ್ಟಿದ್ದೆ. ಲಿಂಗವಿದ್ದ ಬೆಳ್ಳಿ ಕರಡಿಗೆಯ ಕೊಂಡಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟು, "ನನ್ನ ಕಣ್ಣಿಗೆ ಕಾಣವಲ್ದು. ನೀನ ಗಂಟು ಹಾಕು ಯವ್ವಾ" ಎಂದರು. ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ನನ್ನ ತಲೆಯಲ್ಲಿ ಪಾಸ್‌ಪೋರ್ಟು, ರೊಟ್ಟಿಯ ಗಂಟು, ಕಾಕಾನ ಗುಳಿಗೆ. ಒಂದು ಗಂಟು ಎಳೆದೆ, ಎರಡನೆಯದನ್ನು ಅರ್ಧಕ್ಕೆ ಬಿಟ್ಟೆ, ಕಾಕಾನ ಕೊರಳಿಗೆ ಹಾಕಿ ಓಡಿದೆ. ಈ ಸಂಗತಿ ನನಗೆ ಚೆನ್ನಾಗಿ ನೆನಪಿದೆ.

ಶಕ್ತಿನಗರದ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಕಾಕಾ ಕಾರು ನಿಧಾನ ಮಾಡಿಸಿ, ಕಿಟಕಿಯಿಂದ ಹೊಳೆಗೆ ನಾಣ್ಯ ಎಸೆದು ಕೈಮುಗಿದರು. ಹೊಳೆ ದಾಟುವಾಗ ಅವರು ಇದನ್ನು ತಪ್ಪಿಸುವುದಿಲ್ಲ.

ಜರ್ಮನಿಯಲ್ಲಿ ನಾವು ಉಳಿದದ್ದು ರೇಗನ್ಸ್‌ಬರ್ಗ್ ಎಂಬ ಹಳೆಯ ಊರಿನಲ್ಲಿ. ಯಂತ್ರದ ಕಾರ್ಖಾನೆ ಅಲ್ಲಿಂದ ಒಂದು ಗಂಟೆಯ ದಾರಿ. ಮೊದಲ ದಿನವೇ ಆ ಕೆಲಸ ಮುಗಿದು, ವಿಮಾನಕ್ಕೆ ಇನ್ನೂ ಎರಡು ದಿನ ಉಳಿಯಿತು. ಚಳಿಗಾಲ ಆಗಷ್ಟೇ ಮುಗಿಯುತ್ತಿತ್ತು. ಗಿಡಗಳಲ್ಲಿ ಎಲೆ ಇಲ್ಲ, ಆದರೆ ಕೆಳಗೆ ಹುಲ್ಲಿನಲ್ಲಿ ನೇರಳೆ ಬಣ್ಣದ ಸಣ್ಣ ಹೂವು ಎದ್ದಿದ್ದವು. ಕಲ್ಲು ಹಾಸಿದ ಇಕ್ಕಟ್ಟು ಓಣಿಗಳು, ಎರಡು ಗೋಪುರದ ದೊಡ್ಡ ಇಗರ್ಜಿ, ಅದರಾಚೆ ಡ್ಯಾನ್ಯೂಬ್ ನದಿ. ಎಲ್ಲೋ ಮೇಲೆ ಹಿಮ ಕರಗಿ ನೀರು ಏರಿತ್ತು. ನದಿಗೆ ಅಡ್ಡಲಾಗಿ ಕಮಾನುಗಳ ಹಳೆಯ ಕಲ್ಲಿನ ಸೇತುವೆ. ಆ ಸೇತುವೆಯ ಮೇಲೆ, ಎತ್ತರದಲ್ಲಿ, ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತ ಕೂತ ಒಂದು ಪುಟ್ಟ ಕಲ್ಲಿನ ಮನುಷ್ಯ ಇದ್ದಾನೆ. ಕಾಕಾ ಅವನ ಕೆಳಗೆ ನಿಂತು, "ಇಂವ ಯಾರ ದಾರಿ ಕಾಯಾಕತ್ಯಾನ?" ಎಂದು ಕೇಳಿದರು.

ಎರಡನೇ ದಿನ ಮಧ್ಯಾಹ್ನ ಅದೇ ಸೇತುವೆ ದಾಟುತ್ತಿದ್ದೆವು. ನಡುವೆ ಕಾಕಾ ನಿಂತರು, ಬೂಟು ಬಿಚ್ಚಿದರು, ಕಾಲುಚೀಲವನ್ನೂ ತೆಗೆದರು. ಆ ಚಳಿಯಲ್ಲಿ ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು, ಗೋಡೆಯ ಮೇಲಿಂದ ಅರ್ಧ ಮೈ ಬಗ್ಗಿಸಿ ನಾಣ್ಯ ಹಾಕಿ ಕೈಮುಗಿದರು. ಹೋಗಿಬರುವವರು ನಿಂತು ನೋಡತೊಡಗಿದರು. ನನಗೆ ಸಂಕೋಚ. "ಸಾಕು ಬರ್ರಿ ಕಾಕಾ, ಮಂದಿ ನೋಡಾಕತ್ತಾರ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ನದಿಯ ಸದ್ದಿನಲ್ಲಿ ಬೇರೇನೂ ನಮಗೆ ಕೇಳಿಸಲಿಲ್ಲ.

ಸಂಜೆ ವಸತಿಗೆ ಬಂದು ಕಾಕಾ ಸ್ನಾನಕ್ಕೆಂದು ಸ್ವೆಟರುಗಳನ್ನು ಒಂದೊಂದಾಗಿ ಕಳಚಿದರು. ಕೊನೆಯ ಅಂಗಿ ತೆಗೆದಾಗ ಕೊರಳಲ್ಲಿ ಏನೂ ಇರಲಿಲ್ಲ. ಅವರು ಕೂಗಲಿಲ್ಲ, ನನ್ನನ್ನೂ ಬೈಯಲಿಲ್ಲ. ಮಂಚದ ಅಂಚಿಗೆ ಕೂತು ಎದೆಯ ಮೇಲೆ ಕೈಯಾಡಿಸುತ್ತ, "ಲಿಂಗ ಇಲ್ಲ ಯವ್ವಾ" ಎಂದರು, ಅಷ್ಟೇ. ನಾನು ಅರ್ಧಕ್ಕೆ ಬಿಟ್ಟ ಗಂಟು ನನ್ನ ಕಣ್ಣ ಮುಂದೆ ಬಂತು. ಅಂದು ಗಿರಣಿಯಲ್ಲಿ ಕಾಕಾ ಉತ್ತರಕ್ಕೆ ಕಾಯಲಿಲ್ಲ, ನಾನು ಎರಡನೇ ಗಂಟು ಬಿಗಿಯಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ ಅನ್ನಿಸಿತು.

ಲಿಂಗ ಸಿಗುವವರೆಗೆ ಅನ್ನವಿಲ್ಲ, ನೀರಿಲ್ಲ ಎಂದುಬಿಟ್ಟರು. ಅನ್ನ ಇಲ್ಲದೆ ಶುಗರಿನ ಗುಳಿಗೆ ಕೊಡುವಂತಿಲ್ಲ. ದೇವದುರ್ಗದ ಮಠದ ಅಯ್ಯನವರಿಗೆ ವಿಡಿಯೋ ಕಾಲ್ ಹಚ್ಚಿದೆ. ಪಾಪ, ಅವರು ಊಟದ ಮೇಲಿಂದ ಎದ್ದು ಬಂದು, ಊರಿಗೆ ಬಂದ ಮೇಲೆ ಬೇರೆ ಲಿಂಗ ಕೊಡುತ್ತೇವೆ, ಅಲ್ಲಿಯತನಕ ಹಾಲು ಹಣ್ಣು ತಗೊಳ್ಳಿ, ನಮ್ಮ ಅಪ್ಪಣೆ ಇದೆ ಎಂದು ಕೈಮುಗಿದು ಹೇಳಿದರು. ಕಾಕಾ ಕೇಳಿಸಿಕೊಂಡರು, ಶರಣು ಅಂದರು, ಫೋನು ನನ್ನ ಕೈಗೆ ಕೊಟ್ಟರು.

"ಅಪ್ಪಣಿ ಕೊಟ್ಟದ್ದು ಅವರ ದೊಡ್ಡಗುಣ. ನನ್ನ ಕೊರಳು ಖಾಲಿ ಅದ. ಖಾಲಿ ಕೊರಳಾಗ ತುತ್ತು ಇಳ್ಯಂಗಿಲ್ಲ."

ಬೆಳಕು ಇನ್ನೂ ಇದ್ದಾಗಲೇ ನಾನು ಸೇತುವೆಗೆ ಓಡಿದೆ. ಕಲ್ಲಿನ ಸಂದು ಸಂದಿನಲ್ಲಿ ನೋಡಿದೆ. ಸಿಗಲಿಲ್ಲ. ವಸತಿಯ ಒಡತಿ, ವಯಸ್ಸಾದ ಹೆಂಗಸು, ನನಗಿಂತ ಹರುಕು ಇಂಗ್ಲಿಷಿನಲ್ಲಿ ಧೈರ್ಯ ಹೇಳಿದಳು: ನಮ್ಮಲ್ಲಿ ದಾರಿಯಲ್ಲಿ ಏನಾದರೂ ಸಿಕ್ಕರೆ ಒಯ್ಯುವುದಿಲ್ಲ, ಕಾಣುವಂತೆ ಎಲ್ಲಾದರೂ ತೂಗುಹಾಕಿ ಹೋಗುತ್ತಾರೆ. ನಿಜವೇ, ಬೇಲಿಯ ಕಂಬಗಳಿಗೆ ಒಂಟಿ ಕೈಗವಸು ಸಿಕ್ಕಿಸಿದ್ದನ್ನು ನಾನೂ ಅಲ್ಲಲ್ಲಿ ನೋಡಿದ್ದೆ.

ಮಾರನೇ ಬೆಳಿಗ್ಗೆ ಕಾಕಾನ ತುಟಿ ಒಡೆದಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಹನ್ನೆರಡರೊಳಗೆ ಸಿಗದಿದ್ದರೆ ಅವರು ಏನೇ ಅನ್ನಲಿ, ಆಸ್ಪತ್ರೆಗೆ ಹಾಕಿ ಸಲೈನ್ ಹಚ್ಚಿಸುವುದೇ ಎಂದು ನಾನು ನಿರ್ಧರಿಸಿಬಿಟ್ಟೆ. ಅವರಿಗೂ ಹಾಗೆಯೇ ಹೇಳಿದೆ. ಅವರು ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನನ್ನ ಜೊತೆ ನದಿಗೆ ಬಂದರು. ದಂಡೆಯ ಬೆಂಚಿನ ಮೇಲೆ ಅವರನ್ನು ಕೂರಿಸಿ, ಪಕ್ಕದಲ್ಲಿ ರೊಟ್ಟಿಯ ಗಂಟಿಟ್ಟು ನಾನು ಹೊರಟೆ. ಕಳೆದ ವಸ್ತುಗಳ ಕಚೇರಿಗೆ ಹೋಗಿ ಕೈಸನ್ನೆಯಲ್ಲಿ ಕೇಳಿದೆ. ಇಲ್ಲ ಅಂದರು. ಸೇತುವೆಯ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದೆ. ಆಮೇಲೆ, ಅಲ್ಲಿವರೆಗೆ ನಾವಿಬ್ಬರೂ ಕಾಲಿಡದ ನಡುಗಡ್ಡೆಗೆ ಇಳಿದೆ. ನಮ್ಮ ಕೃಷ್ಣೆಯಲ್ಲಿರುವಂತೆ ಅಲ್ಲಿಯೂ ನದಿಯ ನಡುವೆ ನಡುಗಡ್ಡೆ ಇದೆ, ಮನೆಗಳೂ ಇವೆ. ನೀರಿನಂಚಿಗೆ ಹಾಕಿದ ಕಬ್ಬಿಣದ ಕಟಕಟೆ ಹಿಡಿದು, ಕಂಬ ಕಂಬವನ್ನೂ ನೋಡುತ್ತ ಹೋದೆ.

ಒಂದು ಕಂಬಕ್ಕೆ ಕೂಸಿನ ಕೆಂಪು ಕೈಗವಸು ಇತ್ತು. ಅದರಾಚೆಯ ಕಂಬದಲ್ಲಿ ಕಾಕಾನ ಲಿಂಗ ತೂಗುತ್ತಿತ್ತು.

ನಾನು ಅಳಲಿಲ್ಲ, ಕೈಮುಗಿಯಲೂ ಇಲ್ಲ. ಆ ಮುದುಕಿ ಹೇಳಿದ್ದು ಸರಿ, ಯಾರೋ ಪುಣ್ಯಾತ್ಮರಿಗೆ ಸಿಕ್ಕು ಇಲ್ಲಿ ಹಾಕಿದ್ದಾರೆ ಎಂದುಕೊಂಡು ದಾರವನ್ನು ಕಂಬದಿಂದ ತೆಗೆದುಕೊಂಡೆ. ಇಲ್ಲಿಯವರೆಗೆ ವಿಚಿತ್ರ ಏನೂ ಇಲ್ಲ. ದಾರ ಹರಿದಿರಲಿಲ್ಲ, ಅಂದರೆ ನನ್ನ ಗಂಟೇ ಬಿಚ್ಚಿಕೊಂಡಿತ್ತು. ಸಿಕ್ಕವರು ಮತ್ತೆ ಗಂಟು ಹಾಕಿದ್ದರು. ಆ ಗಂಟಿನ ಮೇಲೆ ನನ್ನ ಬೆರಳು ಹೋಯಿತು.

ಅದು ಅಪ್ಪನ ಗಂಟು.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಎರಡು ಬೆರಳು ಹೋದ ಮೇಲೂ ಅಪ್ಪ ಅಕ್ಕಿ ಚೀಲದ ಬಾಯಿ ತಾವೇ ಹೊಲಿಯುತ್ತಿದ್ದರು. ಎಲ್ಲರ ಹಾಗೆ ಗಂಟು ಹಾಕಲು ಬಾರದ್ದರಿಂದ ತಮ್ಮದೇ ಒಂದು ಗಂಟು ಕಂಡುಕೊಂಡಿದ್ದರು. ಸುತಳಿಯನ್ನು ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ, ಕಿರುಬೆರಳಿನಿಂದ ತುದಿಯನ್ನು ಒಳಗೆ ತೂರಿಸಿ ಎಳೆದರೆ, ಎಡಕ್ಕೆ ವಾಲಿದ ಒಂದು ಸಣ್ಣ ಕಿವಿ ಹೊರಗೆ ಉಳಿಯುತ್ತಿತ್ತು. ಹಮಾಲರು ಅದಕ್ಕೆ ಸಾವ್ಕಾರ ಗಂಟು ಅನ್ನುತ್ತಿದ್ದರು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಆ ಕಿವಿ ನೋಡಿಯೇ ಇದು ಮಾನ್ವಿಯ ಇಂಥವರ ಚೀಲ ಎಂದು ಗುರುತು ಹಿಡಿಯುತ್ತಿದ್ದರು. ನಾನು, ಹಮಾಲರು, ಎಲ್ಲರೂ ಕಲಿಯಲು ನೋಡಿದವರೇ. ಇರುವ ಬೆರಳುಗಳೇ ಅಡ್ಡ ಬರುತ್ತಿದ್ದವು. ಅಪ್ಪ ಹೋದ ಮೇಲೆ ಆ ಗಂಟು ಹಾಕುವವರು ಯಾರೂ ಉಳಿಯಲಿಲ್ಲ.

ಕಾಕಾನ ಹತ್ತಿರ ಬಂದು, ಗಂಟಿನ ಮಾತು ಎತ್ತದೆ ಲಿಂಗವನ್ನು ಅವರ ಅಂಗೈಯಲ್ಲಿಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡರು. ದಾರದ ಮೇಲೆ ಕೈಯಾಡಿಸುತ್ತ ಹೋಗಿ ಗಂಟಿನ ಹತ್ತಿರ ಅವರ ಹೆಬ್ಬೆರಳು ನಿಂತಿತು. ಆ ಕಿವಿಯನ್ನು ಬಹಳ ಹೊತ್ತು ಸವರಿದರು.

"ನೀ ಹಾಕಿದೇನು?"

"ಇಲ್ಲ ಕಾಕಾ."

ಅವರು ಅಲ್ಲೇ ಬೆಂಚಿನ ಮೇಲೆ ಕೂತು ಪೂಜೆ ಮಾಡಿದರು. ಮುಗಿದ ಮೇಲೆ ನದಿಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ "ಚಾಲೂ" ಅಂದರು. ಸ್ವಲ್ಪ ತಡೆದು ಇನ್ನೊಮ್ಮೆ, ಮತ್ತೊಮ್ಮೆ. ಆಮೇಲೆ ಎರಡೂ ಕೈ ಕಟ್ಟಿಕೊಂಡು ಕಾದರು. ಎಷ್ಟು ಹೊತ್ತು ಕಾದರೋ ನನಗೆ ಗೊತ್ತಾಗಲಿಲ್ಲ. ನೀರಿನ ಸದ್ದು ಬಿಟ್ಟು ನನಗೇನೂ ಕೇಳಿಸಲಿಲ್ಲ. ಕಾಕಾ ಮಾತ್ರ ತಲೆಯಾಡಿಸಿದರು, ಬಾಟಲಿ ತೆಗೆದು ನೀರು ಕುಡಿದರು, "ರೊಟ್ಟಿ ತೆಗಿ ಯವ್ವಾ, ಹಸಿವಿ ಆಗ್ಯಾದ" ಎಂದರು. ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ಕಡಕ್ ರೊಟ್ಟಿ ತಿಂದರು. ನನಗೆ ಆಗ ಅಳು ಬಂತು, ಒಳ್ಳೆಯ ಅಳು.

ಆಮೇಲೆ ನಾನು ಸುಮ್ಮನೆ ಕೂತವಳಲ್ಲ. ಹಳೆಯ ದಾರದಲ್ಲಿ ಅಪ್ಪ ಯಾವಾಗಲೋ ಹಾಕಿದ ಗಂಟು ಇದ್ದಿರಬಹುದೇ ಎಂದು ಯೋಚಿಸಿದೆ. ದಾರ ಹೊಸದು, ನಾನೇ ತಂದದ್ದು. ಕಾಕಾ ಹಾಕಿರಬಹುದೇ? ಅವರು ಆ ನಡುಗಡ್ಡೆಗೆ ಇಳಿದವರೇ ಅಲ್ಲ, ಆ ಗಂಟು ಅವರಿಗೂ ಬರುವುದಿಲ್ಲ. ಅಲ್ಲಿಯ ದೋಣಿಯವರ ಗಂಟು ಇರಬಹುದೇ ಎಂದು ವಸತಿಯ ಒಡತಿಗೆ ಫೋಟೋ ಕಳಿಸಿದೆ. ಅವಳು ನಾಲ್ಕು ಜನ ದೋಣಿಯವರಿಗೆ ತೋರಿಸಿದಳು, ಯಾರೂ ಇಂಥದ್ದು ನೋಡಿಲ್ಲವಂತೆ. ಎರಡು ಬೆರಳಿಲ್ಲದ ಇನ್ನೊಬ್ಬ ಮನುಷ್ಯ ಆ ಊರಿನಲ್ಲಿದ್ದು, ಅಪ್ಪನ ಹಾಗೆಯೇ ಯೋಚಿಸಿರಬಹುದು. ಇರಬಹುದು ಅನ್ನುತ್ತೇನೆ, ಆದರೆ ನನಗೇ ಅದು ಗಂಟಲಲ್ಲಿ ಇಳಿಯುವುದಿಲ್ಲ. ಈಗಲೂ ಬಿಡುವಾದಾಗ ಎಡಗೈಯ ಎರಡು ಬೆರಳು ಮಡಚಿ ಪಟ್ಟಿ ಸುತ್ತಿಕೊಂಡು ಸುತಳಿ ಹಿಡಿದು ಕೂರುತ್ತೇನೆ. ಎರಡು ಸುತ್ತಿನವರೆಗೆ ಬರುತ್ತದೆ, ಕಿವಿ ಬರುವುದಿಲ್ಲ. ಬಿಡುವುದಿಲ್ಲ ನಾನು. ಕಾಕಾ ಮಾತ್ರ ಇವತ್ತಿಗೂ ಆ ದಾರ ಬದಲಿಸಗೊಟ್ಟಿಲ್ಲ.

ಆರು ತಿಂಗಳಿಗೆ ಯಂತ್ರ ಮಾನ್ವಿಗೆ ಬಂತು. ಪೂಜೆ ಮಾಡಿ ತೆಂಗಿನಕಾಯಿ ಒಡೆದ ಮೇಲೆ ಕಾಕಾ ಯಾರಿಗೂ ಹೇಳದೆ ಹೋಗಿ ಸ್ವಿಚ್ಚಿನ ಹತ್ತಿರ ನಿಂತರು. ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ತಟ್ಟನೆ ಆ ಕಡೆ, ಮೊದಲು ಪಟ್ಟಾ ಇದ್ದ ಜಾಗಕ್ಕೆ ಹೋಗಿ ನಿಂತೆ. ಕಾಕಾ ಗಟ್ಟಿ ದನಿಯಲ್ಲಿ ಮೂರು ಸಲ "ಚಾಲೂ" ಎಂದು ಕೂಗಿ, ಕೈ ಕಟ್ಟಿಕೊಂಡರು. "ಹೂಂ" ಅನ್ನಬೇಕಾದವಳು ನಾನೇ. ಆದರೂ ಕೂಡಲೇ ಅನ್ನಲಿಲ್ಲ. ನನಗಿಂತ ಮೊದಲು ಬೇರೆ ಯಾರಾದರೂ ಅನ್ನುತ್ತಾರೇನೋ ಎಂದು ಒಂದು ಗಳಿಗೆ ಕಾದೆ.